ಬಡವರಿಗೆ ಉಚಿತ ವಕೀಲರು ಇರುವಾಗ ಸಮಾಜ ಕಾರ್ಯಕರ್ತರು ಯಾಕೆ?

ನೀವು ಎರಡು ಕೇಳಿದ್ದೀರಿ. ಬಡ ಆರೋಪಿಗಳಿಗೆ ಪುಕ್ಕಟೆ ವಕೀಲರು ಸಿಗುವಾಗ ಜೊತೆಗೆ ಸಮಾಜ ಕಾರ್ಯಕರ್ತರು ಯಾಕೆ ಬೇಕು? ಎಂಎಸ್‌ಡಬ್ಲ್ಯು (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಓದಿದ ನಿಮಗೆ ಕಾಸರಗೋಡಿನಲ್ಲಿ ಅಂಥ ಕೆಲಸ ಉಂಟಾ? ನಾನು ಮಂಜೇಶ್ವರ ಕಡೆಯವನು, ಕೆಲವು ವರ್ಷಗಳಿಂದ ಪಾರಾ ಲೀಗಲ್ ವಾಲಂಟಿಯರ್, ಅಂದರೆ ಕಾನೂನು ನೆರವಿನ ಕೆಲಸಕ್ಕೆ ಕೈಜೋಡಿಸುವ ಸ್ವಯಂಸೇವಕ. ವಕೀಲನಲ್ಲ. ಹಾಗಾಗಿ ಕಂಡದ್ದನ್ನೇ ಹೇಳುತ್ತೇನೆ.

ಗದಗ ಕಡೆಯ ಒಬ್ಬರು ಇಲ್ಲಿ ಮುರಕಲ್ಲಿನ ಕೋರೆಯಲ್ಲಿ ದುಡಿಯುತ್ತಿದ್ದರು. ಹೊಡೆದಾಟದ ಕೇಸಿನಲ್ಲಿ ಒಳಗೆ ಹೋದರು. ನೆರವಿನ ವಕೀಲರು ಚೆನ್ನಾಗಿಯೇ ವಾದಿಸಿದರು, ಜಾಮೀನೂ ಆಯಿತು. ಆದರೂ 17 ದಿನ ಹೊರಗೆ ಬರಲಿಲ್ಲ. ಜಾಮೀನು ನಿಲ್ಲಲು ಇಬ್ಬರು ಬೇಕು, ಅವರ ಜಾಗದ ತೀರ್ವೆ (ಕಂದಾಯ) ರಸೀದಿ ಬೇಕು. ಕೂಲಿಗೆ ಬಂದವರಿಗೆ ಇಲ್ಲಿ ಜಾಗ ಇರುವ ನೆಂಟರು ಎಲ್ಲಿಂದ ಬರಬೇಕು ಮಾರಾಯ್ರೆ?

ಮೊಬೈಲ್ ಪೊಲೀಸರ ಹತ್ತಿರ. ಒಂದು ನಂಬರೂ ಬಾಯಿಗೆ ಬರುವುದಿಲ್ಲ. ಭಾವನದು ಊರಿನ ಬಸ್ ಸ್ಟ್ಯಾಂಡ್ ಎದುರು ಚಹಾದಂಗಡಿ ಅಂತ ಮಾತ್ರ ಗೊತ್ತು. ನಾನು ಅಲ್ಲಿಯ ಪಂಚಾಯತಿಗೆ ಫೋನ್ ಮಾಡಿ, ಅಲ್ಲಿಂದ ಇನ್ನೊಬ್ಬರನ್ನು ಹಿಡಿದು, ಮೂರನೇ ದಿನ ಅಕ್ಕನೇ ಲೈನಿಗೆ ಬಂದರು. ಅವರು ಕೇಸಿನ ಸುದ್ದಿಯನ್ನೇ ಎತ್ತಲಿಲ್ಲ. "ಅವಂಗ ಫಿಟ್ಸಿನ ಗುಳಿಗಿ ಕೊಡಾಕ್ಹತ್ತಾರೇನ್ರಿ?" ಅಂದರು. ಗುಳಿಗೆಯ ವಿಷಯ ಅಲ್ಲಿಯವರೆಗೆ ನಮಗ್ಯಾರಿಗೂ ಗೊತ್ತಿರಲಿಲ್ಲ. ಒಳಗಿದ್ದವರು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. ಹಳೆಯ ಚೀಟಿಯ ಫೋಟೋ ವಾಟ್ಸಾಪಿನಲ್ಲಿ ಬಂತು, ಜೈಲಿನ ಡಾಕ್ಟರಿಗೆ ಹೋಯಿತು. ಕಾಯಿಲೆ, ಸಂಪಾದನೆ, ಮನೆಯ ಸ್ಥಿತಿ ಎಲ್ಲ ಬರೆದು ಕೊಟ್ಟೆ. ವಕೀಲರು ಅದನ್ನಿಟ್ಟು ಷರತ್ತು ಸಡಿಲಿಸಲು ಅರ್ಜಿ ಹಾಕಿದರು. ಕೊನೆಗೆ ಬೇರೆಯವರ ಜಾಮೀನಿಲ್ಲದೆ, ಸ್ವಂತ ಮುಚ್ಚಳಿಕೆಯ ಮೇಲೆ ಬಿಟ್ಟರು.

ಇದು ಹೊಸ ಗೋಳೇನಲ್ಲ. 1978ರ ಮೋತಿರಾಮ್ ಪ್ರಕರಣದಲ್ಲಿ ಒಬ್ಬ ಗಾರೆ ಕೆಲಸದವರಿಗೆ 10,000 ರೂಪಾಯಿಯ ಜಾಮೀನು ಕೇಳಿದ್ದರು. ಅವರ ಸಹೋದರ ಜಾಮೀನು ನಿಲ್ಲಲು ಬಂದರೆ ಬೇರೆ ಜಿಲ್ಲೆಯವನು ಅಂತ ಒಪ್ಪಲಿಲ್ಲ. ಹಾಗೆ ತಳ್ಳಿಹಾಕುವುದು ಸರಿಯಲ್ಲ ಅಂತ ಸುಪ್ರೀಂ ಕೋರ್ಟಿನಲ್ಲಿ ಬರೆದವರು ನ್ಯಾಯಮೂರ್ತಿ ಕೃಷ್ಣ ಅಯ್ಯರ್, ನಮ್ಮ ಪಕ್ಕದ ತಲಶ್ಶೇರಿಯಲ್ಲಿ ವಕೀಲಿಕೆ ಮಾಡಿದವರು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಜಾಮೀನಾಗಿ 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನವರು ಉಚಿತ ಕಾನೂನು ನೆರವು ನೋಡಿಕೊಳ್ಳುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಕೈದಿಯ ಆರ್ಥಿಕ ಸ್ಥಿತಿಯ ವರದಿಯನ್ನು ನನ್ನಂಥ ವಾಲಂಟಿಯರ್ ತಯಾರಿಸಬಹುದು. ಕಾಗದದ ಮೇಲೆ ದಾರಿ ಉಂಟು. ನಡೆಯಲು ಜನ ಬೇಕು, ಅಷ್ಟೆ.

ಬಡ ಆರೋಪಿಗಳ ಪರ ನಿಲ್ಲುವ ನ್ಯೂಯಾರ್ಕಿನ ಬ್ರಾಂಕ್ಸ್ ಡಿಫೆಂಡರ್ಸ್ ಸಂಸ್ಥೆ 1997ರಿಂದ ವಕೀಲರು, ಸಮಾಜ ಕಾರ್ಯಕರ್ತರನ್ನು ಒಂದೇ ತಂಡದಲ್ಲಿ ಇಟ್ಟುಕೊಂಡು ಕೆಲಸ ಮಾಡುತ್ತಿದೆ. ಅಲ್ಲಿಯ 10 ವರ್ಷಗಳ ಕೇಸುಗಳನ್ನು ನೋಡಿದ ಅಧ್ಯಯನದಲ್ಲಿ, ಮಾಮೂಲಿ ರೀತಿಯ ಕಾನೂನು ನೆರವಿಗೆ ಹೋಲಿಸಿದರೆ ಜೈಲು ಶಿಕ್ಷೆಯಾಗುವ ಸಾಧ್ಯತೆ 16%, ಶಿಕ್ಷೆಯ ಅವಧಿ 24% ಕಡಿಮೆ ಕಂಡಿತು. ತಪ್ಪಿತಸ್ಥ ಅಂತ ತೀರ್ಮಾನವಾಗುವ ಪ್ರಮಾಣ ಮಾತ್ರ ಬದಲಾಗಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯ ಇಲ್ಲ. ನಮ್ಮ ಕೆಲಸ ಕೇಸು ಗೆಲ್ಲಿಸುವುದಲ್ಲ ಅಲ್ವಾ?

ಒಂದು ವಿಷಯದಲ್ಲಿ ಜಾಗ್ರತೆ. ವಕೀಲರಿಗೆ ಹೇಳಿದ್ದನ್ನು ಗುಟ್ಟಾಗಿಡಲು ಕಾನೂನಿನ ಬಲ ಉಂಟು. ನಮಗೆ ಹೇಳಿದ್ದಕ್ಕೂ ಅದೇ ಬಲ ಉಂಟು ಅಂತ ನಂಬಿ ಕೂರಬೇಡಿ. ಕನ್ನಡ ಕೇಳಿದ ಖುಷಿಗೆ ಕೆಲವರು ಎಲ್ಲವನ್ನೂ ಸುರಿದುಬಿಡುತ್ತಾರೆ. ಆಗ ನಾನೇ ತಡೆಯುತ್ತೇನೆ: "ಆ ರಾತ್ರಿ ಎಂತ ಆಯ್ತು ಅಂತ ನನಗೆ ಬೇಡ, ವಕೀಲರಿಗೆ ಹೇಳಿ. ಮನೆಯವರಿಗೆ ಗೊತ್ತುಂಟಾ? ಮಾತ್ರೆ ಎಂತಾದರೂ ಉಂಟಾ? ಕೂಲಿ ಬಾಕಿ ಎಷ್ಟು?"

ಇನ್ನು ನಿಮ್ಮ ಕೆಲಸದ ವಿಷಯ. ಬಡ ಆರೋಪಿಗಳಿಗೆ ವಕೀಲರನ್ನು ಕೊಡಲು 2022ರಲ್ಲಿ ಬಂದ ಕಾನೂನು ನೆರವು ರಕ್ಷಣಾ ಸಲಹೆಗಾರರ ಯೋಜನೆ ಮುಖ್ಯವಾಗಿ ವಕೀಲರದ್ದು. ವಾಲಂಟಿಯರ್ ಆದರೆ ಸಂಬಳ ಇಲ್ಲ, ಕೆಲಸ ಮಾಡಿದ ದಿನಕ್ಕೆ ಗೌರವಧನ. ಅದನ್ನೇ ನೆಚ್ಚಿ ಮನೆ ನಡೆಸಲಾಗದು. ಆದರೂ ವಿದ್ಯಾನಗರದ ಕೋರ್ಟ್ ಆವರಣಕ್ಕೆ ಒಮ್ಮೆ ಬಂದು ಕಾನೂನು ಸೇವಾ ಪ್ರಾಧಿಕಾರದವರಲ್ಲಿ ವಿಚಾರಿಸಿ. ಬರುವ ಮೊದಲು ಮಲಯಾಳ ಓದಲು ಕಲಿಯಿರಿ, ಮಾತಾಡಲು ಬಂದರೆ ಸಾಲದು. ಎಫ್‌ಐಆರ್ ಇರುವುದು ಅದರಲ್ಲಿ, ಕೇಳುವವರಿಗೆ ಬರುವುದು ಕನ್ನಡ, ತುಳು.