ಎಚ್‌ಆರ್ ಓದಿದರೆ ಕೆಲಸ ಸಿಗುತ್ತಾ ಮೇಡಂ?

ಪ್ರಶ್ನೆ: ನಾನು ಬಿ.ಕಾಂ ಕೊನೆಯ ವರ್ಷದಲ್ಲಿದ್ದೇನೆ. ಪಿಯುಸಿವರೆಗೂ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಎಂಬಿಎ ಮಾಡಿ ಎಚ್‌ಆರ್ (ಮಾನವ ಸಂಪನ್ಮೂಲ) ತೆಗೆದುಕೊಳ್ಳುವ ಆಸೆ ನನಗೆ. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಎರಡು ವರ್ಷಕ್ಕೆ 6 ಲಕ್ಷ ಕೇಳುತ್ತಿದ್ದಾರೆ. ಸಾಲ ಮಾಡಲೇಬೇಕು. ‘ಎಚ್‌ಆರ್ ಅಂದ್ರೆ ದಿನವಿಡೀ ಫೋನ್ ಮಾಡಿ ಇಂಟರ್‌ವ್ಯೂಗೆ ಕರೆಯೋದು, ಅದಕ್ಕೆ ಇಷ್ಟು ದುಡ್ಡು ಯಾಕೆ?’ ಅಂತ ಸೋದರಮಾವ ಕೇಳುತ್ತಾರೆ. ಏನು ಮಾಡಲಿ ಮೇಡಂ?
– ಹೆಸರು ಬೇಡ, ತಿಪಟೂರು

ಉತ್ತರ: ನಿಮ್ಮ ಮಾವ ಹೇಳಿದ್ದರಲ್ಲಿ ನಿಜ ಇದೆ. ಎಂಬಿಎ ಎಚ್‌ಆರ್ ಮುಗಿಸಿದ ಎಷ್ಟೋ ಮಕ್ಕಳಿಗೆ ಮೊದಲು ಸಿಗುವುದು ಅದೇ ಕೆಲಸ. ಕೈಯಲ್ಲೊಂದು ಪಟ್ಟಿ, ಕಿವಿಗೆ ಫೋನ್, ಇಂದು ಇಷ್ಟು ಜನರನ್ನು ಕರೆಸಬೇಕು ಅಂತ ಗುರಿ. ಅದು ಕೀಳು ಕೆಲಸ ಅಂತ ನಾನು ಹೇಳುವುದಿಲ್ಲ. ಆದರೆ ಎರಡು ವರ್ಷ ಅಲ್ಲೇ ಉಳಿದರೆ ಮುಂದಕ್ಕೆ ಹೋಗುವುದು ಕಷ್ಟ. ಯಾಕೆಂದರೆ ನಮ್ಮ ಕೆಲಸದ ಜೀವ ಇರುವುದು ಬೇರೆ ಕಡೆ.

ಒಂದು ಘಟನೆ ಹೇಳುತ್ತೇನೆ. ನಾನಾಗ ಪೀಣ್ಯದ ಒಂದು ಕಾರ್ಖಾನೆಯಲ್ಲಿದ್ದೆ. ಲೇತ್ ವಿಭಾಗದ ಒಬ್ಬರು 58 ತುಂಬಿ ನಿವೃತ್ತರಾದರು. ಪಿಎಫ್ ಪಿಂಚಣಿಗೆ ಅರ್ಜಿ ಹಾಕಿದರೆ ವಾಪಸ್ ಬಂತು. ನೋಡಿದರೆ, ಶಾಲೆಯ ಟಿಸಿಯಲ್ಲಿ ಹುಟ್ಟಿದ ವರ್ಷ 1958, ಪಿಎಫ್ ದಾಖಲೆಯಲ್ಲಿ 1960. ಸೇರಿದ ದಿನ ಯಾರೋ ಅವಸರದಲ್ಲಿ ಫಾರಂ ತುಂಬಿದ್ದರು. ಕೈಬರಹದ ಎಂಟು ಸೊನ್ನೆಯ ಹಾಗೆ ಕಂಡಿತ್ತೋ ಏನೋ, ಐದನ್ನೂ ಆರು ಮಾಡಿ ಬರೆದಿದ್ದರು. ಕಾರ್ಖಾನೆಯ ಲೆಕ್ಕದಲ್ಲಿ ಅವರಿಗೆ 58 ಆಗಿತ್ತು, ಪಿಎಫ್ ಲೆಕ್ಕದಲ್ಲಿ 56. ಸಂಬಳ ನಿಂತಿತು, ಪಿಂಚಣಿ ಶುರುವಾಗಲಿಲ್ಲ.

ಅವರು ಪ್ರತಿ ಸೋಮವಾರ ಬೆಳಿಗ್ಗೆ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್, ಅದರೊಳಗೆ ನಾಲ್ಕು ಮಡಿಕೆಯ ಟಿಸಿ. ಮಡಿಕೆ ಇದ್ದ ಕಡೆಯೆಲ್ಲ ಹರಿದು ಹಿಂದೆ ಗಮ್‌ಟೇಪ್ ಅಂಟಿಸಿದ್ದರು. ಕಾರ್ಮಿಕ ಮತ್ತು ಮಾಲೀಕರು ಇಬ್ಬರೂ ಸಹಿ ಹಾಕುವ ಜಂಟಿ ಘೋಷಣೆ ಫಾರಂ ಅಂತ ಒಂದಿದೆ. ಅದನ್ನು ತುಂಬಿಸಿ, ದಾಖಲೆ ಜೋಡಿಸಿ, ಪಿಎಫ್ ಕಚೇರಿಗೆ ನಾನೇ ಓಡಾಡಿದೆ. ನಾಲ್ಕು ತಿಂಗಳು ಹಿಡಿಯಿತು. ಎಂಬಿಎಯಲ್ಲಿ ನನಗೆ ನಾಯಕತ್ವದ ಬಗ್ಗೆ, ಪ್ರೇರಣೆಯ ಬಗ್ಗೆ ಪುಟಗಟ್ಟಲೆ ಹೇಳಿಕೊಟ್ಟಿದ್ದರು. ಈ ಫಾರಂ ಬಗ್ಗೆ ಒಂದು ಸಾಲೂ ಇರಲಿಲ್ಲ. ಒಬ್ಬ ಮನುಷ್ಯನ ಮುಪ್ಪಿನ ಅನ್ನ ಒಂದು ಅಂಕಿಯ ಮೇಲೆ ನಿಂತಿರುತ್ತದೆ ಅಂತ ನಾನು ಕಲಿತಿದ್ದು ಆ ಗೇಟಿನಲ್ಲಿ.

ಈಗಲೂ ಹೊಸಬರನ್ನು ತೆಗೆದುಕೊಳ್ಳುವಾಗ ನಾನು ಒಂದೇ ಲೆಕ್ಕ ಕೊಡುತ್ತೇನೆ. ಒಟ್ಟು ಸಂಬಳ 18,000, ಅದರಲ್ಲಿ ಬೇಸಿಕ್ 14,000. ಕೈಗೆ ಎಷ್ಟು ಬರುತ್ತದೆ? ಬೇಸಿಕ್ ಮೇಲೆ ಪಿಎಫ್ 12%, ಅಂದರೆ 1,680. ಒಟ್ಟು ಸಂಬಳದ ಮೇಲೆ ಇಎಸ್ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆಗೆ 0.75%, ಅಂದರೆ 135. ಸಂಬಳ 25,000 ಮುಟ್ಟಿಲ್ಲ, ಹಾಗಾಗಿ ವೃತ್ತಿ ತೆರಿಗೆ ಇಲ್ಲ. ಕೈಗೆ 16,185. ಮಾಲೀಕರು ತಮ್ಮ ಕಡೆಯಿಂದ ಮತ್ತೆ 1,680 ಪಿಎಫ್‌ಗೆ, ಇಎಸ್ಐಗೆ 3.25% ಲೆಕ್ಕದಲ್ಲಿ 585 ಕಟ್ಟಬೇಕು. ಎರಡೂ ಮುಂದಿನ ತಿಂಗಳ 15ರೊಳಗೆ ಜಮಾ ಆಗಬೇಕು. ಸ್ನಾತಕೋತ್ತರ ಪದವಿ ಹಿಡಿದು ಬಂದವರಲ್ಲಿ ಜಾಸ್ತಿ ಜನ ಇಲ್ಲಿ ತಡವರಿಸುತ್ತಾರೆ. ನೀವು ಬಿ.ಕಾಂ, ಮನೆಯಲ್ಲೇ ಲೆಕ್ಕ ಬರೆಯುವ ಅಪ್ಪ ಇದ್ದಾರೆ. ನಿಮಗೆ ಇದು ಒಂದು ವಾರದ ಅಭ್ಯಾಸ ಅಷ್ಟೇ.

ಇನ್ನೊಂದು ವಿಷಯ, ನಿಮ್ಮ ಕಾಲಕ್ಕೆ ಇದು ತುಂಬ ಮುಖ್ಯ. 29 ಹಳೆಯ ಕಾರ್ಮಿಕ ಕಾನೂನುಗಳ ಜಾಗಕ್ಕೆ ನಾಲ್ಕು ಸಂಹಿತೆಗಳು ಬಂದಿವೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ. ವೇತನ ಅಂದರೆ ಯಾವುದು ಅನ್ನುವ ಅರ್ಥವೇ ಬದಲಾಗಿದೆ. ನಿಗದಿತ ಅವಧಿಗೆ ಸೇರಿದವರಿಗೂ ಒಂದು ವರ್ಷ ಮುಗಿದರೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡಿಗಂಟು) ಬರುತ್ತದೆ. 22 ವರ್ಷ ಇದೇ ಕೆಲಸ ಮಾಡಿದ ನಾನೂ ರಾತ್ರಿ ಕೂತು ಹೊಸದಾಗಿ ಓದುತ್ತಿದ್ದೇನೆ. ಅಂದರೆ ಅನುಭವಸ್ಥರೂ ನೀವೂ ಈಗ ಒಂದೇ ಗೆರೆಯ ಮೇಲೆ ನಿಂತಿದ್ದೀರಿ. ಇಂಥ ಸಮಯ ಪದೇ ಪದೇ ಬರುವುದಿಲ್ಲ.

ಈಗ ದುಡ್ಡಿನ ಮಾತು. ದಯವಿಟ್ಟು 6 ಲಕ್ಷ ಸಾಲ ಮಾಡಬೇಡಿ. ಶುರುವಿನ ಸಂಬಳದಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ, ಊಟ, ಬಸ್ಸು ಕಳೆದು ಆ ಕಂತು ಕಟ್ಟುವುದು ಎಂಥ ಹಿಂಸೆ ಅಂತ ನಮ್ಮ ಹುಡುಗಿಯರ ಮುಖದಲ್ಲಿ ನೋಡಿದ್ದೇನೆ. ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆಯಿರಿ. ತುಮಕೂರು ವಿಶ್ವವಿದ್ಯಾಲಯದಲ್ಲೇ ಎಂಬಿಎ ಇದೆ. ತಿಪಟೂರಿನಿಂದ ರೈಲಿನಲ್ಲಿ ಓಡಾಡಬಹುದು, ಅಲ್ವಾ? ಪ್ರಾಜೆಕ್ಟ್ ಮಾಡುವಾಗ ತುಮಕೂರು ಹತ್ತಿರದ ವಸಂತನರಸಾಪುರದ ಕಾರ್ಖಾನೆಗಳ ಬಾಗಿಲು ತಟ್ಟಿ. ‘ಉದ್ಯೋಗಿಗಳ ತೃಪ್ತಿ’ ಅಂತ ಪ್ರಶ್ನಾವಳಿ ಹಂಚಿ ಬರಬೇಡಿ. ಅದನ್ನು ಎಲ್ಲರೂ ಮಾಡುತ್ತಾರೆ, ಯಾರೂ ಓದುವುದಿಲ್ಲ. ಎರಡು ತಿಂಗಳು ಟೈಮ್ ಆಫೀಸಿನಲ್ಲಿ ಕೂರುತ್ತೇನೆ ಅಂತ ಕೇಳಿ. ಹಾಜರಿ ಹೇಗೆ ಬರುತ್ತೆ, ಓಟಿ ಹೇಗೆ ಸೇರುತ್ತೆ, ಗುತ್ತಿಗೆ ಕಾರ್ಮಿಕರ ಪಿಎಫ್ ಚಲನ್ ಹೇಗೆ ಪರೀಕ್ಷಿಸಬೇಕು, ಎಲ್ಲ ಕಣ್ಣಾರೆ ನೋಡಿ.

ಇಂಗ್ಲಿಷ್ ಬೇಕು, ಇಲ್ಲ ಅನ್ನುವುದಿಲ್ಲ. ಇಮೇಲ್ ಬರೆಯಲು, ಮೇಲಿನವರ ಜೊತೆ ಮಾತಾಡಲು ಬೇಕು. ದಿನಾ ಒಂದು ಇಮೇಲ್ ಬರೆದು ಅಭ್ಯಾಸ ಮಾಡಿ, ಬರುತ್ತದೆ. ಆದರೆ ಕ್ಯಾಂಟೀನ್ ಅನ್ನದಲ್ಲಿ ಕಲ್ಲು ಸಿಕ್ಕಿತು ಅಂತ ಎರಡನೇ ಶಿಫ್ಟಿನವರು ತಟ್ಟೆ ಬಿಟ್ಟು ಎದ್ದಾಗ ಅವರ ಮುಂದೆ ನಿಂತು ಮಾತಾಡಬೇಕಲ್ಲ, ಅಲ್ಲಿ ನಿಮ್ಮ ತಿಪಟೂರು ಕನ್ನಡವೇ ಕೆಲಸಕ್ಕೆ ಬರುವುದು. ಅದನ್ನು ಕೊರತೆ ಅಂದುಕೊಳ್ಳಬೇಡ ತಂಗಿ.

ಪ್ರಶ್ನೆ: ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುತ್ತಿದ್ದೇನೆ. ಎಚ್‌ಆರ್ ಕೆಲಸಕ್ಕೆ ಎಂಬಿಎಯವರನ್ನೇ ಕೇಳುತ್ತಾರೆ, ನಮಗೆ ಜಾಗ ಇಲ್ಲ ಅಂತ ಸ್ನೇಹಿತರು ಹೆದರಿಸುತ್ತಾರೆ.
– ಓದುಗ, ಧಾರವಾಡ

ಉತ್ತರ: ಹೆದರಬೇಡಿ. ಕಾರ್ಖಾನೆಗಳಲ್ಲಿ ಎಂಎಸ್‌ಡಬ್ಲ್ಯುಗೆ ಹಳೆಯ ಮರ್ಯಾದೆ ಇದೆ. 1948ರ ಕಾರ್ಖಾನೆ ಕಾಯ್ದೆ 500 ಕಾರ್ಮಿಕರಿದ್ದ ಕಡೆ ಕಲ್ಯಾಣಾಧಿಕಾರಿ ಇರಲೇಬೇಕು ಅಂದಿತ್ತು. ಹೊಸ ಸಂಹಿತೆಯಲ್ಲಿ ಅದು 250ಕ್ಕೆ ಇಳಿದಿದೆ. ಅಂದರೆ ಈ ಹುದ್ದೆ ಇಲ್ಲದಿದ್ದ ಮಧ್ಯಮ ಗಾತ್ರದ ಕಾರ್ಖಾನೆಗಳಿಗೂ ಈಗ ಜನ ಬೇಕು. ಮಂಗಳೂರಿನ ರೋಶನಿ ನಿಲಯದಲ್ಲಿ ಎಂಎಸ್‌ಡಬ್ಲ್ಯು ಓದಿ ಬಂದ ಸಹೋದ್ಯೋಗಿಗಳ ಜೊತೆ ನಾನು ಕೆಲಸ ಮಾಡಿದ್ದೇನೆ. ಕಾರ್ಮಿಕರ ಮನೆಯ ಕಷ್ಟ ಕೇಳುವ ತಾಳ್ಮೆ ಅವರಿಂದಲೇ ಕಲಿತೆ. ನಿಮಗೆ ಕಮ್ಮಿ ಬೀಳುವುದು ಸಂಬಳದ ಲೆಕ್ಕ ಮತ್ತು ಎಕ್ಸೆಲ್, ಅದನ್ನು ಬೇಗ ಕಲಿಯಿರಿ. ಪಾಠ ಹೇಳುವ ಆಸೆ ಇದ್ದರೆ ಯುಜಿಸಿ ನೆಟ್‌ನಲ್ಲಿ ಸಮಾಜಕಾರ್ಯ ಒಂದು ವಿಷಯ. ಕಾರ್ಮಿಕ ಕಲ್ಯಾಣ ಮತ್ತು ಮಾನವ ಸಂಪನ್ಮೂಲ ಸೇರಿದ ಇನ್ನೊಂದು ವಿಷಯ 55ನೇ ಸಂಖ್ಯೆಯಲ್ಲಿದೆ. ಎರಡರ ಪಠ್ಯವನ್ನೂ ನೋಡಿ ಆರಿಸಿ.

ಪ್ರಶ್ನೆ: 34 ವರ್ಷ. ಒಂಬತ್ತು ವರ್ಷದಿಂದ ಟೈಮ್ ಆಫೀಸಿನಲ್ಲೇ ಇದ್ದೇನೆ. ದೂರಶಿಕ್ಷಣದಲ್ಲಿ ಎಂಬಿಎ ಮಾಡಿದರೆ ಬಡ್ತಿ ಸಿಗುತ್ತಾ?
– ಓದುಗ, ಬಿಡದಿ

ಉತ್ತರ: ಮಾಡಿ, ತಡ ಮಾಡಬೇಡಿ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಇದೆ. ಎಲ್ಲೇ ಸೇರಿದರೂ ಶುಲ್ಕ ಕಟ್ಟುವ ಮೊದಲು ಆ ವರ್ಷಕ್ಕೆ ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯಾ ಅಂತ ನೀವೇ ನೋಡಿ, ಏಜೆಂಟರ ಮಾತು ನಂಬಬೇಡಿ. ಮತ್ತೆ ಸೇರುವ ಮುಂಚೆ ನಿಮ್ಮ ಮ್ಯಾನೇಜರ್ ಹತ್ತಿರ ಹೋಗಿ, ‘ಓದು ಮುಗಿದ ಮೇಲೆ ನನ್ನನ್ನು ಯಾವ ಹುದ್ದೆಗೆ ನೋಡುತ್ತೀರಿ ಸಾರ್’ ಅಂತ ಬಾಯಿಬಿಟ್ಟು ಕೇಳಿ. ಸುಮ್ನೆ ನಕ್ಕು ಬೇರೆ ಮಾತು ತೆಗೆದರೆ, ಓದುತ್ತಲೇ ಬೇರೆ ಕಡೆ ಅರ್ಜಿ ಹಾಕಲು ಶುರು ಮಾಡಿ.