ಯೇಸುವಿನ ಬಲಿ ಒಂದೇ ಸಲಕ್ಕೆ ಮುಗಿದಿದ್ದರೆ ಕರ್ತನ ಭೋಜನ ತಿಂಗಳು ತಿಂಗಳು ಯಾಕೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು. ದಾವಣಗೆರೆಯ ಒಂದು ಸಭೆಗೆ ಸೇರಿದ್ದೀರಿ, ದೀಕ್ಷಾಸ್ನಾನ ಆಗಿದೆ, ಬರುವ ಭಾನುವಾರ ಮೊದಲ ಸಲ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ಸಭೆಯಲ್ಲಿ ಹಂಚುವ ರೊಟ್ಟಿ ಮತ್ತು ದ್ರಾಕ್ಷಿ ರಸ, ತೆಗೆದುಕೊಳ್ಳಬೇಕು. ಹಿರಿಯರು ಮೇಜಿನ ಸಿದ್ಧತೆಗೂ ಕೈ ಹಾಕಲು ಹೇಳಿದ್ದಾರೆ. ಒಂದು ಬಲಿ ಸಾಕಾಗಿದ್ದರೆ ಇದು ಪದೇ ಪದೇ ಯಾಕೆ, "ಅಯೋಗ್ಯವಾಗಿ ತಿಂದರೆ ದಂಡನೆ" ಅನ್ನುತ್ತಾರಲ್ಲ ನಾನು ಯೋಗ್ಯನೇ, ಆಮೇಲೆ ತಪ್ಪು ಮಾಡಿದರೆ ದೇವರ ಜೊತೆಗಿನ ಒಡಂಬಡಿಕೆ ಮುರಿದುಹೋಗುತ್ತದೆಯೇ ಎಂದು ಕೇಳಿದ್ದೀರಿ.

ಮೊದಲು "ಬಲಿ" ಅನ್ನುವ ಮಾತನ್ನೇ ಬಿಡಿಸಿಕೊಳ್ಳಬೇಕು, ಗೊಂದಲ ಹುಟ್ಟುವುದೇ ಅಲ್ಲಿ. ನಮ್ಮ ಕಡೆ ಬಲಿ ಅಂದರೆ ಹರಕೆಯ ಲೆಕ್ಕ. ಎರಡು ವರ್ಷಕ್ಕೊಮ್ಮೆ ದುರ್ಗಮ್ಮನ ಜಾತ್ರೆ ನೋಡಿ ಬೆಳೆದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ: ಮನುಷ್ಯ ಬೇಡಿಕೊಳ್ಳುತ್ತಾನೆ, ಕೆಲಸ ಆಗುತ್ತದೆ, ತಂದು ಒಪ್ಪಿಸುತ್ತಾನೆ. ಅದೇ ಮನಸ್ಸಿಟ್ಟುಕೊಂಡು ಸತ್ಯವೇದ ಓದಿದರೆ "ಸಿಟ್ಟಾಗಿದ್ದ ದೇವರಿಗೆ ಯೇಸುವನ್ನು ಕೊಟ್ಟು ಸಮಾಧಾನ ಮಾಡಿದರು" ಅಂತ ಅರ್ಥವಾಗುತ್ತದೆ. ಯಾಜಕಕಾಂಡ 17:11 ಓದಿ. ಬಲಿಪೀಠದ ಮೇಲಿನ ರಕ್ತವನ್ನು ನಾನೇ ನಿಮಗೆ ಕೊಟ್ಟಿದ್ದೇನೆ ಅನ್ನುವವನು ದೇವರು. ಕೊಡುವ ಕೈ ಮೊದಲಿಂದಲೂ ಆ ಕಡೆಯದು. ಶಿಲುಬೆಯಲ್ಲೂ ಹಾಗೆಯೇ. ಈ ದಿಕ್ಕು ತಪ್ಪಿದರೆ ಭಾನುವಾರದ ಆರಾಧನೆ, ಕಾಣಿಕೆ, ಉಪವಾಸ ಎಲ್ಲವೂ ಹರಕೆ ತೀರಿಸುವ ಕೆಲಸವಾಗಿಬಿಡುತ್ತವೆ.

"ಒಂದೇ ಸಲ" ಅನ್ನುವ ಮಾತಿನ ತೂಕ ಗೊತ್ತಾಗಬೇಕಾದರೆ ಯಾಜಕಕಾಂಡ 16ನೇ ಅಧ್ಯಾಯ, 34 ವಚನ, ಒಮ್ಮೆ ಓದಿ. ವರ್ಷಕ್ಕೊಂದು ದಿನ, ಇಸ್ರಾಯೇಲರ ಏಳನೇ ತಿಂಗಳ ಹತ್ತನೇ ದಿನ, ಮಹಾಯಾಜಕ ಅಂದದ ಉಡುಪು ಬಿಟ್ಟು ನಾರಿನ ಬಟ್ಟೆ ಉಟ್ಟು ಆರಾಧನೆಯ ಗುಡಾರದ ಪರದೆಯ ಒಳಗೆ ಹೋಗಬೇಕು. ಮೊದಲು ತನಗೂ ತನ್ನ ಮನೆಯವರಿಗೂ ಒಂದು ಹೋರಿ. ಆಮೇಲೆ ಜನರಿಗಾಗಿ ಎರಡು ಹೋತ. ಚೀಟಿ ಹಾಕಿ ಒಂದನ್ನು ಕೊಯ್ಯುತ್ತಾರೆ. ಇನ್ನೊಂದರ ತಲೆಯ ಮೇಲೆ ಎರಡೂ ಕೈಯಿಟ್ಟು ಜನರ ಪಾಪ ಅರಿಕೆ ಮಾಡಿ ಅಡವಿಗೆ ಅಟ್ಟುತ್ತಾರೆ. ರಕ್ತವನ್ನು ಬೆರಳಿನಿಂದ, ಆಜ್ಞೆಗಳ ಪೆಟ್ಟಿಗೆಯ ಮುಚ್ಚಳವಾದ ಕೃಪಾಸನದ ಮುಂದೆ ಏಳು ಸಲ ಚಿಮುಕಿಸಬೇಕು. ಮುಂದಿನ ವರ್ಷ ಮತ್ತೆ ಅದೇ.

ಆ ಗುಡಾರದಲ್ಲಿದ್ದ ಸಾಮಾನನ್ನು ಎಣಿಸಿ ನೋಡಿ: ಬಲಿಪೀಠ, ನೀರಿನ ತೊಟ್ಟಿ, ಹನ್ನೆರಡು ರೊಟ್ಟಿ ಇಡುವ ಮೇಜು, ದೀಪಸ್ತಂಭ, ಧೂಪವೇದಿ, ಮಂಜೂಷ ಅನ್ನುವ ಆ ಪೆಟ್ಟಿಗೆ. ಕೂರಲು ಒಂದು ಮಣೆಯೂ ಇಲ್ಲ. ಇರುವ ಒಂದೇ ಆಸನ ಮಂಜೂಷದ ಮೇಲಿನ ಕೃಪಾಸನ, ಅದು ಯಾಜಕನದಲ್ಲ. ಯಾಜಕನ ಕೆಲಸ ಮುಗಿಯುತ್ತಿರಲಿಲ್ಲ, ಅದಕ್ಕೇ ಅವನು ಕೂರುತ್ತಿರಲಿಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆ 10:11-12 ಇದನ್ನೇ ಹಿಡಿಯುತ್ತದೆ: ಯಾಜಕರೆಲ್ಲ ದಿನಾ ನಿಂತುಕೊಂಡು ಅದೇ ಬಲಿ ಕೊಡುತ್ತಾರೆ, ಯೇಸುವಾದರೋ ಒಂದೇ ಬಲಿ ಅರ್ಪಿಸಿ ಕೂತುಕೊಂಡನು. "ನಿಂತು", "ಕೂತು", ಈ ಎರಡು ಕ್ರಿಯಾಪದ ಸಾಕು.

ಇನ್ನು ಒಡಂಬಡಿಕೆ. ಎರಡು ಕಡೆಯವರು ಒಡಂಬಡುವುದು, ಅಂದರೆ ಒಪ್ಪುವುದು. ಸೀನಾಯಿ ಬೆಟ್ಟದ ಕೆಳಗೆ ನಡೆದದ್ದು ಅದೇ (ವಿಮೋಚನಕಾಂಡ 24). ಮೋಶೆ ರಕ್ತದಲ್ಲಿ ಅರ್ಧ ಬಲಿಪೀಠಕ್ಕೆ ಎರಚಿದ. ಗ್ರಂಥ ಓದಿದ ಮೇಲೆ ಜನ "ಹಾಗೇ ನಡೆಯುತ್ತೇವೆ" ಅಂದರು, ಉಳಿದರ್ಧ ಅವರ ಮೇಲೆ ಚಿಮುಕಿಸಿದ. ನಲವತ್ತು ದಿನ ಕಳೆಯುವಷ್ಟರಲ್ಲಿ ಬಂಗಾರದ ಬಸವ ಎದ್ದಿತ್ತು. ತಪ್ಪು ಕರಾರಿನದಲ್ಲ, ಸಹಿ ಹಾಕಿದ ಕೈಯದು. ಅದಕ್ಕೇ ಯೆರೆಮೀಯ 31:31-34ರಲ್ಲಿ ದೇವರು ಹೊಸದೊಂದನ್ನು ಹೇಳುತ್ತಾನೆ. ಆಜ್ಞೆ ಕಲ್ಲಿನ ಮೇಲಿರದೆ ಹೃದಯದಲ್ಲಿರುತ್ತದೆ, ಚಿಕ್ಕವರಿಂದ ದೊಡ್ಡವರ ತನಕ ಎಲ್ಲರೂ ನನ್ನನ್ನು ಅರಿಯುತ್ತಾರೆ, ಅವರ ಪಾಪವನ್ನು ಇನ್ನು ನೆನಪಿಗೆ ತರುವುದಿಲ್ಲ. ಆ ನಾಲ್ಕು ವಚನಗಳಲ್ಲಿ "ಮಾಡುವೆನು, ಬರೆಯುವೆನು, ಕ್ಷಮಿಸುವೆನು" ಅಂತ ಹೊಣೆ ಹೊರುವವನು ಒಬ್ಬನೇ. ಯೇಸು ಕಡೆಯ ರಾತ್ರಿ ಪಾತ್ರೆ ಎತ್ತಿ "ಹೊಸ ಒಡಂಬಡಿಕೆ" ಅಂದಾಗ (ಲೂಕ 22:20) ಶಿಷ್ಯರ ಕಿವಿಗೆ ಮೋಶೆಯ ರಕ್ತ, ಯೆರೆಮೀಯನ ಮಾತು ಎರಡೂ ಬಿದ್ದಿರಬೇಕು.

ಗ್ರೀಕಿನಲ್ಲಿ ಬಳಸಿರುವ ದಿಯಾಥೇಕೆ ಅನ್ನುವ ಪದಕ್ಕೆ ಉಯಿಲು ಅನ್ನುವ ಅರ್ಥವೂ ಇದೆ. ಇಬ್ರಿಯರಿಗೆ 9:16-17 ಅದನ್ನೇ ಬಳಸಿಕೊಳ್ಳುತ್ತದೆ. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಅಲೆದವರಿಗೆ ಇದು ಬೇಗ ತಲೆಗೆ ಹೋಗುತ್ತದೆ. ಕರಾರು ಪತ್ರಕ್ಕೆ ಎರಡೂ ಕಡೆಯವರ ಸಹಿ ಬೇಕು. ಉಯಿಲಿಗೆ ಬರೆದವನ ಸಹಿ, ಸಾಕ್ಷಿಗಳ ಸಹಿ ಸಾಕು, ಆಸ್ತಿ ಪಡೆಯುವವನ ಸಹಿ ಬೇಕಿಲ್ಲ. ಆದರೆ ಬರೆದವನು ಸಾಯುವ ತನಕ ಅದು ಜಾರಿಗೆ ಬರುವುದಿಲ್ಲ.

ಹಾಗಾದರೆ ಭೋಜನ ಪದೇ ಪದೇ ಯಾಕೆ? ಉಯಿಲು ಒಂದೇ ಸಲ ಜಾರಿಯಾಯಿತು, ಅದರಿಂದ ಬಂದ ಹೊಲದಲ್ಲಿ ಊಟ ಮಾತ್ರ ದಿನಾ. ಬಲಿ ಕೊಟ್ಟದ್ದು ಒಂದು ಸಲ, ಅದರ ಪಾಲು ತಿನ್ನುವುದು ಮತ್ತೆ ಮತ್ತೆ, "ನನ್ನನ್ನು ನೆನಪುಮಾಡಿಕೊಳ್ಳುವುದಕ್ಕೋಸ್ಕರ". ಹರಿಹರದ ಆರೋಗ್ಯಮಾತೆ ಚರ್ಚಿಗೆ ಹೋಗುವ ಕಥೋಲಿಕ ಸ್ನೇಹಿತರು ಇದನ್ನೇ ಬಲಿಪೂಜೆ ಅನ್ನುತ್ತಾರೆ. ಅವರು ಪ್ರತಿ ವಾರ ಯೇಸುವನ್ನು ಮತ್ತೆ ಬಲಿ ಕೊಡುತ್ತಾರೆ ಅಂತ ನಮ್ಮಲ್ಲಿ ಕೆಲವರು ಆಡಿಕೊಳ್ಳುವುದುಂಟು. ಅದು ಸರಿಯಲ್ಲ. 1562ರಲ್ಲಿ ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆ ಹೇಳಿದ ಮಾತೇ ಬಲಿಪೂಜೆಯಲ್ಲಿ ಅದೇ ಒಂದು ಬಲಿ, ರಕ್ತ ಸುರಿಸದ ರೀತಿಯಲ್ಲಿ ಅರ್ಪಣೆಯಾಗುತ್ತದೆ ಅನ್ನುವುದು. ಆ ವಿವರಣೆಯನ್ನು ಪ್ರೊಟೆಸ್ಟಂಟ್ ಸಭೆಗಳು ಒಪ್ಪುವುದಿಲ್ಲ, ನಿಜ. ಆದರೆ ಎರಡನೇ ಬಲಿ ಇದೆ ಅನ್ನುವವರು ಯಾರೂ ಇಲ್ಲ.

ಈಗ ನಿಮ್ಮನ್ನು ನಿದ್ದೆಗೆಡಿಸಿರುವ ಮಾತಿಗೆ ಬರೋಣ. 1 ಕೊರಿಂಥ 11:27ರಲ್ಲಿ, ಕೊರಿಂಥದ ಸಭೆಗೆ ಪತ್ರ ಬರೆದ ಪೌಲ ಹೇಳುವುದು "ಅಯೋಗ್ಯವಾಗಿ" ತಿನ್ನುವುದರ ಬಗ್ಗೆ. ಅದು ತಿನ್ನುವ ರೀತಿಗೆ ಹೇಳಿದ ಮಾತು, ತಿನ್ನುವವನ ಅರ್ಹತೆಗಲ್ಲ. "ಅಯೋಗ್ಯರು ತಿನ್ನಬಾರದು" ಅಂದಿದ್ದರೆ ಮೇಜಿನ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ಕೊರಿಂಥದಲ್ಲಿ ಏನಾಗುತ್ತಿತ್ತು ಅಂತ 21ನೇ ವಚನದಲ್ಲೇ ಇದೆ. ಉಳ್ಳವರು ತಮ್ಮ ಬುತ್ತಿ ಮೊದಲೇ ಬಿಚ್ಚಿ ತಿನ್ನುತ್ತಿದ್ದರು, ಕುಡಿದು ಅಮಲೇರಿಸಿಕೊಳ್ಳುತ್ತಿದ್ದರು. ಇಲ್ಲದವರು ಹಸಿದುಕೊಂಡೇ ಕೂರುತ್ತಿದ್ದರು. ಪೌಲ ಹೇಳುವ ಮದ್ದೂ ಅಷ್ಟೇ ಸರಳ (33ನೇ ವಚನ): ಒಬ್ಬರಿಗಾಗಿ ಒಬ್ಬರು ಕಾದುಕೊಳ್ಳಿ. ನನ್ನ ಕೇಳಿದರೆ, ರಾತ್ರಿಯೆಲ್ಲ ಹಳೇ ಪಾಪ ಎಣಿಸುತ್ತಾ ಕೂತವನಿಗಿಂತ, ಇಂಥ ಕೇರಿಯವರು ಕುಡಿದ ಬಟ್ಟಲು ನನಗೆ ಬೇಡ ಅಂತ ಹಿಂದೆ ಸರಿಯುವವನೇ ಈ ವಚನಕ್ಕೆ ನೇರವಾಗಿ ಸಿಕ್ಕಿಬೀಳುವವನು. ಅಂತಿಯೋಕ್ಯದಲ್ಲಿ ಪಂಕ್ತಿ ಬೇರೆ ಮಾಡಿಕೊಂಡ, ಯೇಸುವಿನ ಶಿಷ್ಯ ಪೇತ್ರನನ್ನೇ ಪೌಲ ಎಲ್ಲರ ಮುಂದೆ ತರಾಟೆಗೆ ತೆಗೆದುಕೊಂಡ (ಗಲಾತ್ಯ 2:11-14).

ಆದ್ದರಿಂದ ಈ ವಾರದ ಸಿದ್ಧತೆಯಲ್ಲಿ ಜನರ ಜೊತೆಗಿನ ಲೆಕ್ಕವೇ ದೊಡ್ಡದು. ಮತ್ತಾಯ 5:23-24: ಕಾಣಿಕೆ ತಂದಾಗ ಸಹೋದರನ ಮನಸ್ಸಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ ಅಲ್ಲೇ ಬಿಟ್ಟು ಹೋಗಿ ರಾಜಿಯಾಗಿ ಬಾ. ಕೇಳುತ್ತಿದ್ದವರು ಗಲಿಲಾಯದವರು, ಬಲಿಪೀಠ ಇದ್ದದ್ದು ಯೆರೂಸಲೇಮಿನಲ್ಲಿ, ನೂರು ಕಿಲೋಮೀಟರಿಗೂ ಹೆಚ್ಚು ದೂರ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ನಡೆದು ವಾಪಸ್ ಬಂದಷ್ಟು ಅನ್ನಿ. ಕುರಿಯನ್ನು ಅಲ್ಲಿ ಬಿಟ್ಟು ಅಷ್ಟು ದೂರ ಹಿಂದಕ್ಕೆ ನಡೆಯಬೇಕು. ನಿಮಗೆ ಫೋನಿದೆ. ಶನಿವಾರ ರಾತ್ರಿಗೆ ಇಟ್ಟುಕೊಳ್ಳಬೇಡಿ, ಬುಧವಾರ ಗುರುವಾರವೇ ಮಾಡಿ. "ನನ್ನದೂ ತಪ್ಪಿರಬಹುದು" ಅಂತ ಶುರು ಮಾಡಿದರೆ ಮಾತು ಜಗಳಕ್ಕೇ ಹೋಗುತ್ತದೆ. ಏನು ಮಾಡಿದಿರೋ ಅದನ್ನು ಹೆಸರಿಟ್ಟು ಹೇಳಿ, ಅವರ ತಪ್ಪಿನ ಮಾತು ಎತ್ತಬೇಡಿ. ಅವರು ಒಪ್ಪದಿದ್ದರೂ ನಿಮ್ಮ ಪಾಲಿನ ಕೆಲಸ ಮುಗಿಯಿತು (ರೋಮ 12:18).

ಹಣದ ಮೋಸವಾಗಿದ್ದರೆ ಕ್ಷಮೆ ಕೇಳಿದರಷ್ಟೇ ಸಾಲದು. ಯಾಜಕಕಾಂಡ 6ನೇ ಅಧ್ಯಾಯದ ಲೆಕ್ಕ: ತೆಗೆದುಕೊಂಡದ್ದು ಪೂರ್ತಿ, ಮೇಲೆ ಐದನೇ ಒಂದು ಪಾಲು, ಆಮೇಲೆ ಬಲಿ. ಮೆಕ್ಕೆಜೋಳ ತೂಗುವಾಗ ಚೀಲಕ್ಕೊಂದು ಕೆಜಿ ಹೊಡೆದರೆ ನೂರು ಚೀಲಕ್ಕೆ ಒಂದು ಕ್ವಿಂಟಾಲ್ ಆಯಿತು. ರೈತನಿಗೆ ವಾಪಸ್ ಹೋಗಬೇಕಾದದ್ದು 120 ಕೆಜಿಯ ದುಡ್ಡು. ಸುಂಕ ವಸೂಲಿಯ ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆ ಅಂದ, ಅದು ಅವನ ಖುಷಿ. ಒಂದೇ ಸಲ ಆಗದಿದ್ದರೆ ಕಂತು ಮಾಡಿಕೊಳ್ಳಿ, ಮೊದಲ ಕಂತು ಭಾನುವಾರಕ್ಕೆ ಮುಂಚೆ. ಇದು ಪಾಪದ ಬೆಲೆ ತೆರುವುದಲ್ಲ, ಅದು ಆಗಿಹೋಗಿದೆ. ಕಳ್ಳಮಾಲು ಮನೆಯಲ್ಲಿಟ್ಟುಕೊಂಡು ಕ್ಷಮೆಯಾಯಿತು ಅನ್ನುವ ಬಾಯಿಗೆ ಅರ್ಥವಿಲ್ಲ, ಅದಕ್ಕಾಗಿ. ಇಷ್ಟು ಸಾವಿರ ಇಟ್ಟರೆ ಶಾಪ ಹರಿಯುತ್ತದೆ, ಈ ಎಣ್ಣೆ ಬಾಟಲಿ ಕೊಂಡರೆ ಸಾಲ ತೀರುತ್ತದೆ ಅನ್ನುವ ಬೋಧಕರು ಸಿಕ್ಕರೆ ಎದ್ದು ಬನ್ನಿ. ಅದು ಹೊಸ ಒಡಂಬಡಿಕೆಯ ವೇಷ ಹಾಕಿದ ಹರಕೆ ವ್ಯಾಪಾರ.

ಮೇಜಿನ ಕೆಲಸ ಹೀಗೆ. ಸಣ್ಣ ಲೋಟಗಳಾದರೆ ತಲೆಗೆ 10 ಮಿಲಿಯಂತೆ ನೂರು ಜನಕ್ಕೆ ಒಂದು ಲೀಟರ್ ರಸ. ಅರ್ಧ ಕೆಜಿ ಕಪ್ಪು ಒಣದ್ರಾಕ್ಷಿಗೆ ಒಂದೂವರೆ ಲೀಟರ್ ನೀರು ಹಾಕಿ ರಾತ್ರಿ ನೆನೆಸಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಿ, ಆರಿದ ಮೇಲೆ ಕಿವುಚಿ ತೆಳುಬಟ್ಟೆಯಲ್ಲಿ ಸೋಸಿದರೆ ಸುಮಾರು ಅಷ್ಟು ಸಿಗುತ್ತದೆ. ಹುಳಿ ಇರುವುದರಿಂದ ಸ್ಟೀಲ್ ಪಾತ್ರೆಯೇ ಆಗಬೇಕು, ಅಲ್ಯೂಮಿನಿಯಂ ಬೇಡ. ಹಸಿ ದ್ರಾಕ್ಷಿ ಹಿಂಡಿ ಕುದಿಸದೆ ಹೊರಗಿಟ್ಟರೆ ನಮ್ಮ ಏಪ್ರಿಲ್ ಬಿಸಿಲಿಗೆ ಮರುದಿನಕ್ಕೇ ನೊರೆ ಬರುತ್ತದೆ, ಸಿಪ್ಪೆಯ ಮೇಲಿನ ಯೀಸ್ಟ್ ಕೆಲಸ ಶುರು ಮಾಡಿರುತ್ತದೆ. ಕುದಿಸಿದ್ದನ್ನೂ ಫ್ರಿಜ್‌ನಲ್ಲೇ ಇಡಿ. ರೊಟ್ಟಿಗೆ ನಿಮ್ಮ ಸಭೆಯ ರೂಢಿ ಕೇಳಿ: ಚಪಾತಿ ಬಳಸುವವರಿದ್ದಾರೆ, ಬ್ರೆಡ್ ಬಳಸುವವರಿದ್ದಾರೆ. ನಮ್ಮ ಕಡೆಯ ಕಥೋಲಿಕರಲ್ಲಿ ಮಾತ್ರ ಗೋಧಿಯ, ಹುಳಿಯಿಲ್ಲದ ರೊಟ್ಟಿಯೇ ಆಗಬೇಕು. ಉಳಿದದ್ದನ್ನು ಏನು ಮಾಡಬೇಕು ಅಂತ ಪಾಸ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಮೋರಿಗೆ ಚೆಲ್ಲಿ ಆಮೇಲೆ ಮಾತು ಕೇಳುವುದು ಬೇಡ.

ಕೊನೆಯದು, ತಪ್ಪಿದರೆ ಮುರಿಯುತ್ತದೆಯೇ? ಇಬ್ರಿಯರಿಗೆ 10:26 ತೋರಿಸಿ ಹೆದರಿಸುವವರಿದ್ದಾರೆ, ಬೇಕೆಂದು ಪಾಪ ಮಾಡಿದರೆ ಇನ್ನು ಬಲಿಯಿಲ್ಲ ಅಂತ. ಮುಂದಕ್ಕೆ 29ರ ತನಕ ಓದಿ. ಅದು ಒಡಂಬಡಿಕೆಯ ರಕ್ತವನ್ನೇ ತುಚ್ಛವೆಂದು ಎಣಿಸಿ ಬಿಟ್ಟುಹೋದವನ ಮಾತು. ತಪ್ಪಿದೆನಲ್ಲಾ ಅಂತ ನಡುಗುವವನಿಗೆ 1 ಯೋಹಾನ 1:9 ಇದೆ. ಕಡೆಯ ರಾತ್ರಿ ಯೇಸುವಿನ ಆ ಪಾತ್ರೆಯಿಂದ ಕುಡಿದ ಪೇತ್ರ ಕೋಳಿ ಕೂಗುವ ಮುಂಚೆ ಮೂರು ಸಲ "ಅವನನ್ನು ಅರಿಯೆ" ಅಂದ. ಯೋಹಾನನ ಪ್ರಕಾರ ಅವನು ಆಗ ಚಳಿ ಕಾಯಿಸುತ್ತಿದ್ದದ್ದು ಇದ್ದಲ ಬೆಂಕಿಯ ಹತ್ತಿರ (18:18). ಅದೇ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ, 21:9ರಲ್ಲಿ. ಎದ್ದುಬಂದ ಯೇಸು ಕೆರೆಯ ದಡದಲ್ಲಿ ಇದ್ದಲ ಬೆಂಕಿ ಹಾಕಿ, ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು "ಬನ್ನಿ, ಊಟಮಾಡಿ" ಅನ್ನುತ್ತಾನೆ. ಪೇತ್ರನೂ ಅಲ್ಲಿದ್ದ. ವಿಚಾರಣೆ ಊಟ ಆದಮೇಲೆ.