ಕ್ಯಾಲಿಯೊಪಿಯ ಪುಟ್ಟ ಚಂದ್ರ: ಕಣ್ಣಿಗಲ್ಲ, ನೆರಳಿಗೆ ಕಾಯಿರಿ

ಎಂಟಿಂಚಿನ ಡಾಬ್ಸೋನಿಯನ್ ದೂರದರ್ಶಕದಲ್ಲಿ ಕ್ಯಾಲಿಯೊಪಿ ಕ್ಷುದ್ರಗ್ರಹದ ಚಂದ್ರ ಲೈನಸ್ ಕಾಣುತ್ತದೆಯೇ ಎಂದು ಪುಣೆಯ ನಿಗಡಿಯಿಂದ ಕೇಳಿದ್ದೀರಿ. ಕಾಣುವುದಿಲ್ಲ. ಕ್ಯಾಲಿಯೊಪಿಯಿಂದ ಸುಮಾರು 1,100 ಕಿ.ಮೀ. ಆಚೆ ಸುತ್ತುವ ಅದು ನಮಗೆ ಹೆಚ್ಚೆಂದರೆ ಒಂದು ಆರ್ಕ್‌ಸೆಕೆಂಡ್ (ಡಿಗ್ರಿಯ 3,600ನೇ ಒಂದು ಭಾಗ) ಅಂತರದಲ್ಲಿರುತ್ತದೆ. ಪುಣೆಯ ಗಾಳಿ ನಕ್ಷತ್ರವನ್ನೇ ಅದಕ್ಕಿಂತ ಅಗಲ ಹರಡುತ್ತದೆ. ಲೈನಸ್ ತುಂಬ ಮಂಕು ಬೇರೆ.

ನೆರಳನ್ನು ಮಾತ್ರ ಖಂಡಿತ ಹಿಡಿಯಬಹುದು. ಕ್ಷುದ್ರಗ್ರಹ ನಕ್ಷತ್ರವೊಂದನ್ನು ಮರೆಮಾಡುವಾಗ ಚಂದ್ರನ ನೆರಳೂ ಭೂಮಿಯ ಮೇಲೆ ಹಾಯುತ್ತದೆ. 2006ರ ನವೆಂಬರ್ 7ರಂದು ಜಪಾನಿನ ವೀಕ್ಷಕರು ಹೀಗೆ ಅಳೆದದ್ದರಿಂದಲೇ ಲೈನಸ್‌ನ ಅಡ್ಡಳತೆ ಸುಮಾರು 28 ಕಿ.ಮೀ. ಎಂದು ಸಿಕ್ಕಿತು. ಮುನ್ಸೂಚನೆಗೆ ಆಕಲ್ಟ್‌ವಾಚರ್ ಎಂಬ ತಂತ್ರಾಂಶ ನೋಡಿ. ಮುಖ್ಯ ನೆರಳಿನ ಪಟ್ಟಿ ಪುಣೆಯಿಂದ ಕೆಲವು ನೂರು ಕಿ.ಮೀ. ದೂರ ಹೋದರೂ ಕೈಬಿಡಬೇಡಿ, ಚಂದ್ರನ ಪಟ್ಟಿ ಬೇರೆಯೇ ಇರುತ್ತದೆ.

ನೆರಳು ಸೆಕೆಂಡಿಗೆ 15 ಕಿ.ಮೀ. ಓಡಿದರೆ ಲೈನಸ್ ನಕ್ಷತ್ರವನ್ನು ಮುಚ್ಚುವುದು ಎರಡು ಸೆಕೆಂಡಿಗೂ ಕಡಿಮೆ. ಅದು ಕ್ಯಾಲಿಯೊಪಿ ಮರೆಮಾಡುವ ಮುಖ್ಯ ಕ್ಷಣಕ್ಕಿಂತ ಒಂದು ನಿಮಿಷಕ್ಕೂ ಹೆಚ್ಚು ಹಿಂದೆ ಅಥವಾ ಮುಂದೆ ಆಗಬಹುದಾದ್ದರಿಂದ ಎರಡೂ ಕಡೆ ಮೂರು ಮೂರು ನಿಮಿಷ ರೆಕಾರ್ಡ್ ಮಾಡಿ. ಎಕ್ಸ್‌ಪೋಷರ್ 0.1 ಸೆಕೆಂಡ್ ಸಾಕು. ಕ್ಷುದ್ರಗ್ರಹಕ್ಕಿಂತ ಪ್ರಕಾಶಮಾನವಾದ ನಕ್ಷತ್ರವನ್ನೇ ಆರಿಸಿ: ಎರಡೂ ಸಮಪ್ರಕಾಶವಿದ್ದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ, ನಕ್ಷತ್ರ ಮಂಕಾದಷ್ಟೂ ಇಳಿಕೆ ಚಿತ್ರದ ಗದ್ದಲದಲ್ಲಿ (ನಾಯ್ಸ್) ಮುಳುಗುತ್ತದೆ.

ಹೆಚ್ಚಿನವರು ಎಡವುವುದು ಸಮಯದಲ್ಲಿ. 0.1 ಸೆಕೆಂಡ್ ತಪ್ಪಿದರೆ ನೆಲದ ಮೇಲೆ 1.5 ಕಿ.ಮೀ. ತಪ್ಪಿದಂತೆ. ಲ್ಯಾಪ್‌ಟಾಪ್ ಗಡಿಯಾರ ನಂಬಬೇಡಿ, ಪ್ರತಿ ಚಿತ್ರಕ್ಕೂ ಜಿಪಿಎಸ್ ಸಮಯದ ಮುದ್ರೆ ಬೀಳುವ ಕ್ಯಾಮೆರಾ ಬಳಸಿ. ಇನ್ನೊಂದು ತೊಡಕು ಡಾಬ್ಸೋನಿಯನ್‌ನದೇ: 1,200 ಮಿ.ಮೀ. ಫೋಕಲ್ ಉದ್ದಕ್ಕೆ ಚಿಕ್ಕ ಸೆನ್ಸರ್ ಹಾಕಿದರೆ ನಕ್ಷತ್ರ ಸುಮಾರು ಒಂದು ನಿಮಿಷದಲ್ಲಿ ಚೌಕಟ್ಟು ದಾಟುತ್ತದೆ. ಕೈಯಿಂದ ತಳ್ಳಿದರೆ ಆ ಅಲುಗಾಟವೇ ನಕ್ಷತ್ರ ಮರೆಯಾದಂತೆ ಕಾಣುತ್ತದೆ. ಆಕಾಶದ ಚಲನೆಗೆ ತಕ್ಕಂತೆ ದೂರದರ್ಶಕವನ್ನು ತಿರುಗಿಸುವ ಇಕ್ವಟೋರಿಯಲ್ ಪ್ಲಾಟ್‌ಫಾರ್ಮ್ ಬೇಕೇ ಬೇಕು. ಪಕ್ಕದ ನಕ್ಷತ್ರವೊಂದು ಅದೇ ಚೌಕಟ್ಟಿನಲ್ಲಿರಲಿ. ಅದೂ ಮಂಕಾದರೆ ಬಂದದ್ದು ಮೋಡ.

ಒಬ್ಬರೇ ಮಾಡಬೇಡಿ. ನೆರಳು ಪೂರ್ವ–ಪಶ್ಚಿಮವಾಗಿ ಹಾದರೆ ಮುಂಬೈ ಮತ್ತು ಪುಣೆಯ ನಡುವೆ ಉತ್ತರ–ದಕ್ಷಿಣ ಅಂತರವೇ ಸುಮಾರು 60 ಕಿ.ಮೀ., ಲೈನಸ್‌ನ ನೆರಳು ನಡುವೆಯೇ ನುಸುಳಿಹೋಗಬಹುದು. ನಿಗಡಿ, ಶಿವಾಜಿನಗರ, ಕಾತ್ರಜ್‌ನಲ್ಲಿ ಒಬ್ಬೊಬ್ಬರು ನಿಂತರೆ ಸುಮಾರು ಹತ್ತು ಹತ್ತು ಕಿ.ಮೀ. ಅಂತರ ಬರುತ್ತದೆ, ಲೈನಸ್‌ನ ಅಗಲವನ್ನು ಅಳೆಯುವ ಎರಡು ಗೆರೆಯಾದರೂ ಸಿಗಬಹುದು. ಪಣಜಿಯವರೂ ನೋಡಲಿ, ಮುಖ್ಯ ಕಾಯದ ನೆರಳು ಅಲ್ಲಿಗೆ ಬೀಳಬಹುದು. ನಕ್ಷತ್ರ ಮರೆಯಾಗದಿದ್ದರೂ ವರದಿ ಕಳಿಸಿ: ನಿಗಡಿಯಲ್ಲಿ ಮರೆಯಾಗಿ ಕಾತ್ರಜ್‌ನಲ್ಲಿ ಆಗದಿದ್ದರೆ ಲೈನಸ್‌ನ ಅಂಚು ಇವೆರಡರ ನಡುವೆಯೇ ಹಾದಿದೆ ಎಂದು ತಿಳಿಯುತ್ತದೆ.